ಬ್ಯಾಂಕು ಮುರಿದಾಗ, ಹಣ ಬತ್ತಿದಾಗ

ಯಶವಂತಪುರದ ಧಾನ್ಯದ ಮಂಡಿಯೊಂದನ್ನು ಕಣ್ಮುಂದೆ ತಂದುಕೊಳ್ಳೋಣ. ಮಂಡಿಯವನು ರೈತನಿಗೆ ಇಂದೇ ಹಣ ಕೊಡಬೇಕು. ಅಂಗಡಿಯವರಿಂದ ಅವನಿಗೆ ಹಣ ಬರುವುದು ಹದಿನೈದು ದಿನಗಳ ಮೇಲೆ. ನಡುವಣ ತೆರವನ್ನು ತುಂಬುವುದು ಬ್ಯಾಂಕಿನ ಸಾಲ. ಆ ಸಾಲವಾದರೋ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಇರುವ ನಿವೃತ್ತ ಉಪಾಧ್ಯಾಯರೊಬ್ಬರ ಠೇವಣಿ. ತಮ್ಮ ಹಣ ಬ್ಯಾಂಕಿನಲ್ಲಿದೆಯೆಂದು ಅವರ ನಂಬಿಕೆ. ವಾಸ್ತವವಾಗಿ ಅದು ಮಂಡಿಯ ರಾಗಿ ಮೂಟೆಗಳಲ್ಲಿದೆ. ಠೇವಣಿದಾರರೆಲ್ಲ ಒಂದೇ ಬೆಳಗ್ಗೆ ಬಾಗಿಲಿಗೆ ಬಂದರೆ ಎಷ್ಟು ಪ್ರಾಮಾಣಿಕವಾದ ಬ್ಯಾಂಕೂ ತೆತ್ತು ಮುಗಿಸಲಾರದು. ಅದು ಮುರಿದರೆ ಉಪಾಧ್ಯಾಯರ ಉಳಿತಾಯದೊಡನೆ ಮಂಡಿಯ ಸಾಲವೂ ನಿಲ್ಲುತ್ತದೆ. ಕೊಳ್ಳುವವರಿಲ್ಲದೆ ರಾಗಿಯ ಬೆಲೆ ಇಳಿಯುತ್ತದೆ.

ಅಮೆರಿಕದಲ್ಲಿ 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಹೀಗೆ ಮುಳುಗಿದವು. ಆ ಮಹಾಕುಸಿತದಲ್ಲಿ ದೇಶದ ಒಟ್ಟು ಹಣದ ಮೂರನೆಯ ಒಂದು ಪಾಲು ಕರಗಿತೆಂದೂ, ತಡೆಯಬಹುದಾಗಿದ್ದ ಕೇಂದ್ರ ಬ್ಯಾಂಕು ತಡೆಯಲಿಲ್ಲವೆಂದೂ ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಸ್ 1963ರಲ್ಲಿ ವಾದಿಸಿದರು.

ನಮ್ಮ ಸಂಸ್ಥಾನದ ಕಥೆ ಬೇರೆ. 1913ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು ಆ ಬಿರುಗಾಳಿಯಲ್ಲಿ ಮುಳುಗಲಿಲ್ಲ. ಆದರೂ ಮುಗ್ಗಟ್ಟು ತಪ್ಪಲಿಲ್ಲ. ಇಲ್ಲಿ ಚಲಾವಣೆಯಲ್ಲಿದ್ದುದು ಬ್ರಿಟಿಷ್ ಇಂಡಿಯಾದ ರೂಪಾಯಿ. ಅದರ ಲಗಾಮು ಮಹಾರಾಜರ ಕೈಯಲ್ಲಾಗಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕೈಯಲ್ಲಾಗಲಿ ಇರಲಿಲ್ಲ. 1927ರಲ್ಲಿ ರೂಪಾಯಿಗೆ 18 ಪೆನ್ಸ್ ದರವನ್ನು ಗೊತ್ತುಮಾಡಲಾಗಿತ್ತು. ಜಗತ್ತಿನಲ್ಲೆಲ್ಲ ಬೆಲೆಗಳು ಕುಸಿಯುತ್ತಿದ್ದಾಗಲೂ ಆ ದರವನ್ನು ಎತ್ತಿಹಿಡಿಯಲೆಂದು ಸರ್ಕಾರ ಚಲಾವಣೆಯ ಹಣವನ್ನೇ ಹಿಂದಕ್ಕೆ ಸೆಳೆದುಕೊಂಡಿತು. ಬಾವಿ ಬತ್ತುತ್ತಿರುವಾಗ ಹಗ್ಗವನ್ನು ಮೊಟಕು ಮಾಡಿದಂತೆ! ಕಲ್ಕತ್ತೆಯ ಸಗಟು ಬೆಲೆಯ ಸೂಚ್ಯಂಕ 1929ರಲ್ಲಿ 141 ಇದ್ದದ್ದು 1933ರಲ್ಲಿ 87ಕ್ಕೆ ಇಳಿಯಿತು. ಬೆಲೆ ಇಳಿದರೇನು, ಸಾಹುಕಾರನ ಪತ್ರದಲ್ಲಿ ಬರೆದ ಅಂಕಿ ಇಳಿಯದು. ಇಂಥ ಕುಸಿತದಲ್ಲಿ ಎರಡು ಪಲ್ಲ ಧಾನ್ಯ ಮಾರಿ ತೀರಿಸುತ್ತಿದ್ದ ಬಡ್ಡಿಗೆ ಮೂರು ಪಲ್ಲವೂ ಸಾಲದು.

1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಪ್ರಮಾಣವನ್ನು ತೊರೆಯಿತು. ಪೌಂಡಿಗೆ ಕಟ್ಟಿಹಾಕಿದ್ದ ರೂಪಾಯಿಯೂ ಅದರೊಡನೆ ಇಳಿದು, ಚಿನ್ನದ ಬೆಲೆ ಏರಿತು. ಹಳ್ಳಿಗಳ ಒಡವೆಗಳು ಹಡಗೇರಿ ಹೊರಟವು. ಇದು ಲಾಭದ ಮಾರಾಟವೆಂದು ಅಧಿಕಾರಿಗಳು ಸಮರ್ಥಿಸಿಕೊಂಡರು. ಸಾಲಕ್ಕಾಗಿ ಬಿಚ್ಚಿಕೊಟ್ಟ ಓಲೆಯನ್ನು ಲಾಭವೆನ್ನುವ ಲೆಕ್ಕ ನನಗಂತೂ ತಿಳಿಯದು. ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗೆ ಆ ಓಲೆಯೇ ಬ್ಯಾಂಕಾಗಿತ್ತು.

ರಿಸರ್ವ್ ಬ್ಯಾಂಕು ಹುಟ್ಟಿದ್ದು 1935ರ ಏಪ್ರಿಲ್ 1ರಂದು, ಅಷ್ಟೆಲ್ಲ ಆದಮೇಲೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಬಿದ್ದ ಮೇಲೆ, 1962ರಿಂದ ಠೇವಣಿಗಳಿಗೆ ವಿಮೆ ಬಂತು: ಆಗ 1,500 ರೂಪಾಯಿಯವರೆಗೆ, 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಠೇವಣಿದಾರರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂಬ ಕಟ್ಟು ಬಿದ್ದಿತ್ತು. ಅದರ ಬಾಗಿಲಲ್ಲಿ ಪಾಸ್‌ಬುಕ್ ಹಿಡಿದು ನಿಂತಿದ್ದವರಲ್ಲಿ ಬಹುಮಂದಿ ವೃದ್ಧರು.