ಊಟಕ್ಕೂ ಉಣಿಸಬೇಕು

ಗೋಡೆಯ ಹಲ್ಲಿ ಲೊಚಗುಟ್ಟಿದರೆ ಶಕುನವೆಂದು ಕಿವಿಗೊಡುವ ನಾವು, ಅದು ಆ ದಿನ ಏನನ್ನು ತಿಂದಿತೆಂದು ವಿಚಾರಿಸಿದವರಲ್ಲ. ದೀಪಕ್ಕೆ ಮುತ್ತುವ ಹಾತೆಗಳಲ್ಲಿ ತನ್ನ ಪಾಲನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಇಂಗ್ಲೆಂಡ್ ಅಮೆರಿಕಗಳ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಾಳುವ ‘ಲೆಪರ್ಡ್ ಗೆಕ್ಕೊ’ ಎಂಬ ಚುಕ್ಕೆಹಲ್ಲಿಗೆ ಈ ಸ್ವಾತಂತ್ರ್ಯವಿಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಶುಷ್ಕವಾದ ಕಲ್ಲುನೆಲ ಇದರ ತವರು. ಕಲ್ಕತ್ತೆಯಲ್ಲಿದ್ದ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನು 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ನಮ್ಮ ಹಲ್ಲಿಗಿಲ್ಲದ ರೆಪ್ಪೆ ಇದಕ್ಕುಂಟು, ನಮ್ಮದಕ್ಕಿರುವ ಅಂಟುಪಾದ ಇದಕ್ಕಿಲ್ಲ; ಆದುದರಿಂದ ಗೋಡೆಯ ಹಂಬಲವನ್ನು ತೊರೆದು, ಮುಸ್ಸಂಜೆಯಲ್ಲಿ ನೆಲದ ಮೇಲೆಯೇ, ಬಾಲದ ತುದಿಯನ್ನು ಬೆಕ್ಕಿನಂತೆ ಕೊಂಕಿಸುತ್ತ ಬೇಟೆಗೆರಗುತ್ತದೆ. ಚಲಿಸುವುದೇ ಆಹಾರವೆಂಬುದು ಅದರ ಕಣ್ಣಿನ ಸಿದ್ಧಾಂತವಾದುದರಿಂದ, ಸಾಕುವವನು ಜೀರುಂಡೆ, ಜಿರಲೆ, ಹಿಟ್ಟಿನ ಹುಳು ಮೊದಲಾದುವನ್ನು ಜೀವಸಹಿತವಾಗಿಯೇ ಒದಗಿಸಬೇಕಾಗುತ್ತದೆ.

ಹುಳುವಿನ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಣ ಅಂತರವನ್ನು ಮೀರಬಾರದೆಂಬುದು ಪಾಲಕರ ಸುಲಭವಾದ ಅಳತೆ. ಕಠಿನವಾದುದು ಹುಳುವಿನೊಳಗಿನ ಲೆಕ್ಕ. ಕೀಟದ ಕವಚವು ಎಲುಬಿನಂತೆ ಸುಣ್ಣದಿಂದಾದುದಲ್ಲ, ಕೈಟಿನ್ ಎಂಬ ವಸ್ತುವಿನಿಂದಾದುದು. ಹಲ್ಲಿಗೆ ಒಂದು ಪಾಲು ರಂಜಕಕ್ಕೆ ಸುಮಾರು ಎರಡು ಪಾಲು ಕ್ಯಾಲ್ಸಿಯಂ ಬೇಕಾಗಿದ್ದರೆ, ಜೀರುಂಡೆಯಲ್ಲಿ ರಂಜಕವೇ ಕ್ಯಾಲ್ಸಿಯಮ್ಮಿನ ಹಲವು ಪಟ್ಟು. ಬರಿಯ ಜೀರುಂಡೆಯನ್ನೇ ಉಂಡು ಹೊಟ್ಟೆ ತುಂಬಿಸಿಕೊಂಡ ಹಲ್ಲಿಯ ಶರೀರವು ಕೊರತೆಯನ್ನು ತನ್ನ ಎಲುಬುಗಳಿಂದಲೇ ಸೆಳೆದುಕೊಳ್ಳುತ್ತ, ದವಡೆ ಮೆತ್ತಗಾಗಿ, ಕಾಲುಗಳು ಬಾಗಿ, ಸಮೃದ್ಧಿಯ ನಡುವೆಯೇ ಕ್ಷಯಿಸುತ್ತದೆ. ಆದಕಾರಣ ಹುಳುವನ್ನು ಕೊಡುವ ಮುನ್ನ ಒಂದೆರಡು ದಿನ ಅದಕ್ಕೇ ಸೊಪ್ಪು, ಗಜ್ಜರಿ, ಧಾನ್ಯದ ಹಿಟ್ಟುಗಳ ಉಪಚಾರ ನಡೆಯಬೇಕು. ಆಮೇಲೆ ಡಬ್ಬಿಯಲ್ಲಿ ಕ್ಯಾಲ್ಸಿಯಂ ಪುಡಿಯೊಡನೆ ಅದನ್ನು ಮೆಲ್ಲನೆ ಕುಲುಕಬೇಕು. ಆಗ ಗಿರಣಿಯಾಳಿನಂತೆ ಬೆಳ್ಳಗಾಗಿ ಹೊರಬರುವ ಜೀರುಂಡೆ ಬಹಳ ಶುಚಿಪ್ರಿಯ ಜೀವಿ. ತಡವಾದರೆ ಮೈಯ ಪುಡಿಯನ್ನೆಲ್ಲ ತಾನೇ ಒರಸಿಕೊಂಡು ಬಿಡುತ್ತದೆ. ಡಿ3 ಜೀವಸತ್ತ್ವವೂ ಮಿತಿಯಲ್ಲಿ ಬೇಕು, ಅದಿಲ್ಲದೆ ಕರುಳು ಕ್ಯಾಲ್ಸಿಯಮ್ಮನ್ನು ಸರಿಯಾಗಿ ಹೀರಲಾರದು. ನೆಲದ ಒಂದು ಭಾಗ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರದಿದ್ದರೆ ಉಂಡದ್ದು ಅರಗದು.

ತೋಟದಲ್ಲಿ ಹಿಡಿದ ಹುಳುವನ್ನು ಕೊಡುವುದು ಮಿತವ್ಯಯದಂತೆ ತೋರಿದರೂ ಅವಿವೇಕವೇ ಸರಿ, ಏಕೆಂದರೆ ಅದು ಯಾವ ಕೀಟನಾಶಕವನ್ನು ಮೆಯ್ದು ಬಂದಿದೆಯೋ ಹೇಳುವವರಾರು? ಮಿಂಚುಹುಳುವಂತೂ ಸರ್ವಥಾ ವರ್ಜ್ಯ. ಆಸ್ಟ್ರೇಲಿಯ ಮೂಲದ ಗಡ್ಡದ ಓತಿಗಳು ಅಮೆರಿಕದ ಮನೆಗಳಲ್ಲಿ ಒಂದೇ ಒಂದು ಮಿಂಚುಹುಳುವನ್ನು ನುಂಗಿ ಮಡಿದುದನ್ನು ಥಾಮಸ್ ಐಸ್ನರ್ ಮತ್ತು ಸಂಗಡಿಗರು 1999ರಲ್ಲಿ ವರದಿಮಾಡಿದರು. ಅದರಲ್ಲಿರುವ ವಿಷವು ನೆಲಗಪ್ಪೆಯ ವಿಷಕ್ಕೆ ನಿಕಟ ಸಂಬಂಧಿ, ಹೃದಯವನ್ನೇ ಘಾತಿಸುವಂಥದು.

ಇನ್ನು ಉಳಿದ ಊಟದ ಸಂಗತಿ. ತಿನ್ನದೆ ಬಿಟ್ಟ ಜೀರುಂಡೆ ಸುಮ್ಮನಿರುವುದಿಲ್ಲ. ಹಸಿದಾಗ, ಮಲಗಿದ ಹಲ್ಲಿಯ ಬೆರಳನ್ನೋ ರೆಪ್ಪೆಯನ್ನೋ ಕಡಿದು ಗಾಯಮಾಡುವುದುಂಟು. ಕಾಲು ಗಂಟೆಯಲ್ಲಿ ಮುಗಿಯದುದನ್ನು ಚಿಮುಟದಿಂದ ಎತ್ತಿಬಿಡುವುದು ಮೇಲು. ಎತ್ತುವಾಗ ತಪ್ಪಿಸಿಕೊಂಡದ್ದು ಗಂಡಾಗಿದ್ದರೆ, ಯಜಮಾನನು ಆ ರಾತ್ರಿಯೆಲ್ಲ ಕಪಾಟಿನ ಹಿಂದಿನಿಂದ ಅದರ ಸಂಗೀತವನ್ನು ಆಲಿಸುತ್ತಿರಬಹುದು.