6 ವ್ಯಾಟ್‌ನ ತಾಕತ್ತು

ನಿಮ್ಮ ಮನೆಯ ಬಚ್ಚಲಲ್ಲಿ ಉರಿಯೋ ಪುಟ್ಟ ಎಲ್‌ಇಡಿ ಬಲ್ಬ್ ಎಷ್ಟು ವ್ಯಾಟ್ ಇರಬಹುದು? 5 ಇರಬಹುದು, 7 ಇರಬಹುದು. ಅಷ್ಟೇ ಶಕ್ತಿ ಇಟ್ಟುಕೊಂಡು ಒಬ್ಬ ಮನುಷ್ಯ ಸಾವಿರಾರು ಕಿಲೋಮೀಟರ್ ದೂರದವರ ಜೊತೆ ಮಾತಾಡಬಹುದು ಅಂದ್ರೆ ನಂಬ್ತೀರಾ? ಸಿಮ್ ಇಲ್ಲ, ಟವರ್ ಇಲ್ಲ, ರೀಚಾರ್ಜ್ ಇಲ್ಲ. ಹ್ಯಾಮ್ ರೇಡಿಯೋ ಹವ್ಯಾಸಿಗಳು ಇದನ್ನು ದಿನಾ ಮಾಡ್ತಾರೆ. ಅದರಲ್ಲೂ ಕೆಲವರು ತಮ್ಮ ಕೈಯಾರೆ ಬೆಸುಗೆ ಹಾಕಿದ ಸೆಟ್‌ನಲ್ಲಿ!

ಇದರಲ್ಲಿ ಪವಾಡ ಏನೂ ಇಲ್ಲ. ನಮ್ಮ ತಲೆ ಮೇಲೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಅಂತ ಒಂದು ಪದರ ಇದೆ. ಸೂರ್ಯನ ಕಿರಣಗಳು ಅಲ್ಲಿನ ಅನಿಲಕ್ಕೆ ವಿದ್ಯುತ್ ಗುಣ ಕೊಡುತ್ತವೆ. ಶಾರ್ಟ್‌ವೇವ್ ತರಂಗಗಳು ಅಲ್ಲಿಗೆ ಹೋಗಿ, ಬಾಗಿ, ಬಹಳ ದೂರದ ನೆಲಕ್ಕೆ ಇಳಿಯುತ್ತವೆ. ಅರ್ಧ ದಾರಿಯ ಕೆಲಸ ಆಕಾಶವೇ ಮಾಡಿಕೊಡುತ್ತೆ. ಹಾಗಂತ ದಿನವೂ ಒಂದೇ ರೀತಿ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸೂರ್ಯ ಕೈಕೊಟ್ಟರೆ ಕಾಯಬೇಕು.

ಈಗ ಸೆಟ್ ವಿಚಾರಕ್ಕೆ ಬರೋಣ. 2000ದ ದಶಕದ ಆರಂಭದಲ್ಲಿ ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ ಒಂದು ಸರ್ಕ್ಯೂಟ್ ರೂಪಿಸಿದರು. ಹೆಸರು ಬಿಟ್ಎಕ್ಸ್. ಅವರ ಹಠ ಒಂದೇ: ಸಾಮಾನ್ಯ ಅಂಗಡಿಯಲ್ಲಿ ಸಿಗೋ ಬಿಡಿಭಾಗಗಳಲ್ಲೇ ಇದು ಆಗಬೇಕು. ಕಾಯಿಲ್ ಸುತ್ತೋಕೆ ವಿದೇಶಿ ರಿಂಗ್ ಸಿಗಲ್ವಾ? ನಲ್ಲಿಗೆ ಹಾಕೋ ವಾಷರ್ ಮೇಲೆ ತಂತಿ ಸುತ್ತಿ ಅಂದರು!

ಕೆಲಸ ಮಾಡೋ ರೀತಿ ಕೇಳಿ. ನಿಮ್ಮ ಧ್ವನಿಯನ್ನು ಮೊದಲು 10 ಮೆಗಾಹರ್ಟ್ಜ್ ತರಂಗದ ಮೇಲೆ ಕೂರಿಸುತ್ತಾರೆ. ನಾಲ್ಕು ಕ್ರಿಸ್ಟಲ್‌ಗಳ ಫಿಲ್ಟರ್ ಜರಡಿ ಥರ. ಬೇಕಾದಷ್ಟನ್ನೇ ಒಳಗೆ ಬಿಟ್ಟು ಮಿಕ್ಕಿದ್ದನ್ನು ತಡೆಯುತ್ತೆ. ಅದಕ್ಕೆ ಇನ್ನೊಂದು 4 ಮೆಗಾಹರ್ಟ್ಜ್ ಬೆರೆಸಿದರೆ? ಹತ್ತು, ನಾಲ್ಕು, ಹದಿನಾಲ್ಕು. 14 ಮೆಗಾಹರ್ಟ್ಜ್ ಹ್ಯಾಮ್‌ಗಳ ಜನಪ್ರಿಯ ಬ್ಯಾಂಡ್. ಕೊನೆಗೆ ಐಆರ್‌ಎಫ್ 510 ಅನ್ನೋ ಅಗ್ಗದ ಟ್ರಾನ್ಸಿಸ್ಟರ್ ಅದನ್ನು ಸುಮಾರು 6 ವ್ಯಾಟ್‌ಗೆ ಏರಿಸುತ್ತೆ. ಹೊರಗೆ ಎರಡು ಕಡೆಗೆ ಕಟ್ಟಿದ, ಒಟ್ಟು ಸುಮಾರು 10 ಮೀಟರ್ ತಂತಿ. ಅದೇ ಆಂಟೆನಾ.

ಜಾಣತನ ಇರೋದು ಇನ್ನೊಂದು ಕಡೆ. ಮಾತಾಡುವಾಗ ಸಿಗ್ನಲ್ ಯಾವ ದಾರಿಯಲ್ಲಿ ಹೋಗುತ್ತೋ, ಕೇಳುವಾಗ ಅದೇ ಫಿಲ್ಟರ್, ಅದೇ ಮಿಕ್ಸರ್‌ಗಳ ಮೂಲಕ ಉಲ್ಟಾ ಬರುತ್ತೆ. ಒಂದೇ ಓಣಿ, ಎರಡೂ ಕಡೆ ಓಡಾಟ. ಹೀಗಾಗಿ ಭಾಗಗಳೂ ಕಡಿಮೆ, ಖರ್ಚೂ ಕಡಿಮೆ.

ಸ್ಮಾರ್ಟ್‌ಫೋನ್ ಕಾಲದಲ್ಲಿ ಇದೆಲ್ಲ ಯಾಕ್ರೀ ಅಂತ ನೀವು ಕೇಳಬಹುದು. 2004ರ ಡಿಸೆಂಬರ್ 26ಕ್ಕೆ ಹೋಗೋಣ. ದೆಹಲಿಯ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಸುನಾಮಿ ಬಂತು, ಫೋನ್ ಲೈನ್‌ಗಳು ಸತ್ತವು. ಅಂಡಮಾನ್‌ನಲ್ಲಿರೋರು ಬದುಕಿದ್ದಾರಾ ಅಂತ ಹೊರಗಿನವರಿಗೆ ತಿಳಿಸಿದ್ದು ಅದೇ ಹವ್ಯಾಸಿಗಳ ರೇಡಿಯೋ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಕುಸಿದಾಗಲೂ ಎಷ್ಟೋ ಊರುಗಳಲ್ಲಿ ಕರೆಂಟ್ ಇಲ್ಲ, ಮೊಬೈಲ್ ಇಲ್ಲ. ಟವರ್‌ಗೂ ಕರೆಂಟ್ ಬೇಕು ಸ್ವಾಮಿ! 6 ವ್ಯಾಟ್‌ನ ಸೆಟ್‌ಗೆ 12 ವೋಲ್ಟ್‌ನ ಒಂದು ಬ್ಯಾಟರಿ ಸಾಕು.

ಹಾಗಂತ ಇವತ್ತೇ ಕಟ್ಟಿ ಮೈಕ್ ಹಿಡಿಯಬೇಡಿ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡೋದು ಕಾನೂನುಬಾಹಿರ. ಕೇಂದ್ರ ಸರ್ಕಾರದ ಪರೀಕ್ಷೆ ಇದೆ. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಅಂತ ಎರಡು ದರ್ಜೆ. ಪಾಸಾದರೆ, ಲೈಸೆನ್ಸ್ ಬಂದರೆ, ನಿಮ್ಮದೇ ಒಂದು ಕಾಲ್ ಸೈನ್.

ನನ್ನ ವಾದ ಇಷ್ಟೇ. ಕೊಂಡ ಸೆಟ್ ಕೆಟ್ಟರೆ ಸರ್ವಿಸ್ ಸೆಂಟರ್ ಹುಡುಕಬೇಕು. ಕಟ್ಟಿದ ಸೆಟ್ ಕೆಟ್ಟರೆ ಕಟ್ಟಿದವನೇ ಬಿಚ್ಚಿ ಸರಿ ಮಾಡ್ತಾನೆ. ಪ್ರವಾಹದ ಮಧ್ಯೆ ಯಾವ ಸರ್ವಿಸ್ ಸೆಂಟರ್ ತೆರೆದಿರುತ್ತೆ ಹೇಳಿ? ವರ್ಷಾವರ್ಷ ಮಳೆಗೆ ನಲುಗೋ ಜಿಲ್ಲೆಗಳ ಒಂದೊಂದು ಪಾಲಿಟೆಕ್ನಿಕ್‌ನಲ್ಲಿ ಹತ್ತು ಹುಡುಗ ಹುಡುಗಿಯರು ಈ ವಿದ್ಯೆ ಕಲಿಯಲಿ. ಮುಂದಿನ ಮಳೆಗಾಲಕ್ಕೆ ಆ ಊರಿನ ದನಿ ಹೊರಗೆ ಕೇಳಿಸುತ್ತೆ.