ಆಲಿಸುವವರಿಗೂ ಬೇಕು ಆಲಿಸುವವರು

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಒಂದೇ ಸಂಗತಿಯನ್ನು ಹಿಡಿದು ಚರ್ಚಿಸಿದವು. ಕೋಲ್ಕತ್ತದ ಬೀದಿಗಳಲ್ಲಿ ಸಾಯುತ್ತಿದ್ದವರಲ್ಲಿ ಕ್ರಿಸ್ತನನ್ನು ಕಂಡು ಸೇವೆ ಮಾಡಿದ ಆ ತಾಯಿ, ಹೆಚ್ಚುಕಡಿಮೆ ಅರ್ಧ ಶತಮಾನ ಕಾಲ ತಮ್ಮ ಪ್ರಾರ್ಥನೆಯಲ್ಲಿ ಕತ್ತಲನ್ನಷ್ಟೇ ಅನುಭವಿಸಿದ್ದರು ಎಂಬುದೇ ಆ ಸಂಗತಿ. ನಾಸ್ತಿಕರು ಇದು ತಮ್ಮ ವಾದಕ್ಕೆ ಸಿಕ್ಕ ಸಾಕ್ಷ್ಯ ಎಂದರು. ಭಕ್ತರು ಇದೇ ಸಂತತ್ವದ ಕುರುಹು ಎಂದರು. 2016ರಲ್ಲಿ ಚರ್ಚು ಅವರನ್ನು ಸಂತರೆಂದು ಘೋಷಿಸಿದ ಮೇಲೆ ಆ ಚರ್ಚೆ ತಣ್ಣಗಾಯಿತು.

ನನ್ನ ಗಮನ ಸೆಳೆದದ್ದು ಮಾತ್ರ ಬೇರೊಂದು ಅಂಶ. ಆ ಕತ್ತಲನ್ನು ಅವರು ತಮ್ಮೊಳಗೇ ಇಟ್ಟುಕೊಂಡು ಕೊರಗಲಿಲ್ಲ. ತಮ್ಮ ಆರ್ಚ್‌ಬಿಷಪ್ಪರಿಗೆ, ತಾವು ನಂಬಿದ ಕೆಲವೇ ಆಧ್ಯಾತ್ಮಿಕ ಗುರುಗಳಿಗೆ ಬರೆದು ತಿಳಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಯೇಸುಸಭೆಯ ದೇವಶಾಸ್ತ್ರಜ್ಞ ಜೋಸೆಫ್ ನಾಯ್ನರ್ ಅವರ ಬಳಿ ಎಲ್ಲವನ್ನೂ ನಿವೇದಿಸಿಕೊಂಡ ಬಳಿಕ ಕತ್ತಲೇನೂ ಕರಗಲಿಲ್ಲ. ಆದರೆ ಅದರೊಡನೆ ಬದುಕುವ ಬಗೆ ಅವರಿಗೆ ತಿಳಿಯಿತು. (ಆ ಪತ್ರಗಳನ್ನು ನಾಶಪಡಿಸಬೇಕೆಂದು ಅವರು ಕೇಳಿಕೊಂಡಿದ್ದರು. ಗೋಪ್ಯತೆಯ ಪಾಠ ಹೇಳುವ ನನ್ನಂಥವರಿಗೆ ಅವುಗಳ ಪ್ರಕಟಣೆ ಇಂದಿಗೂ ಇರಿಸುಮುರಿಸಿನ ಸಂಗತಿಯೇ.)

ಎರಡು ದಶಕಗಳಿಗೂ ಮಿಕ್ಕಿ ಬೆಂಗಳೂರಿನಲ್ಲಿ ಆಪ್ತಸಮಾಲೋಚಕರ ತರಬೇತಿಯಲ್ಲಿ ತೊಡಗಿರುವ ನನ್ನ ಬಳಿ ಬರುವವರಲ್ಲಿ ಕ್ರೈಸ್ತ ಸಂಸ್ಥೆಗಳವರೇ ಹೆಚ್ಚು. ಧರ್ಮಕೇಂದ್ರದ ಸಮಾಲೋಚನಾ ಕೊಠಡಿಯಲ್ಲಿ ವಾರಕ್ಕೆ ಮೂರು ದಿನ ಕೂರುವ ಗೃಹಿಣಿಯರು, ಆಸ್ಪತ್ರೆಯ ಸಿಸ್ಟರುಗಳು, ಶಾಲಾ ಸಮಾಲೋಚಕರು, ಸಭಾಪಾಲಕರು, ಸಭಾಪಾಲಕರ ಪತ್ನಿಯರು. ಈ ಕೊನೆಯವರಿಗೆ ಸಂಬಳವಿಲ್ಲ, ರಜೆಯಿಲ್ಲ, ಹುದ್ದೆಗೊಂದು ಹೆಸರೂ ಇಲ್ಲ. ಕೆಲಸ ಮಾತ್ರ ಇದೆ. ಇವರೆಲ್ಲರ ಮೊದಲ ವರ್ಷದ ಉತ್ಸಾಹವನ್ನೂ ಆರೇಳು ವರ್ಷಗಳ ನಂತರದ ಮೌನವನ್ನೂ ಬಲ್ಲೆ.

ಬ್ಯಾಂಕಿನ ಉದ್ಯೋಗಿ ಸಂಜೆ ದೇವಸ್ಥಾನಕ್ಕೋ ಚರ್ಚಿಗೋ ಹೋದರೆ ಅವರ ಕಡತಗಳು ಹಿಂಬಾಲಿಸಿ ಬರುವುದಿಲ್ಲ. ಕ್ರೈಸ್ತ ಸಮಾಲೋಚಕಿಯ ಪಾಡು ಹಾಗಲ್ಲ. ಭಾನುವಾರದ ಆರಾಧನೆಯಲ್ಲಿ ಆಕೆಯ ಮುಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಗಳು ಮೊನ್ನೆಯಷ್ಟೇ ಗಂಡನ ಹೊಡೆತದ ಕಥೆ ಹೇಳಿ ಅತ್ತವಳು. ಅದೇ ಗಂಡ ಪಕ್ಕದಲ್ಲಿ ನಿಂತು ತುಂಬುಕಂಠದಿಂದ ಸ್ತುತಿಗೀತೆ ಹಾಡುತ್ತಿರುತ್ತಾನೆ. ಈಕೆ ಎಲ್ಲವನ್ನೂ ಬಲ್ಲಳು, ಏನನ್ನೂ ಬಲ್ಲವಳಂತೆ ತೋರಿಸಿಕೊಳ್ಳುವಂತಿಲ್ಲ. ಆರಾಧನೆ ಮುಗಿದು ಅಂಗಳಕ್ಕೆ ಬಂದರೆ ‘ಒಂದೇ ನಿಮಿಷ ಸಿಸ್ಟರ್’ ಎಂದು ಯಾರಾದರೂ ಕೈಹಿಡಿಯುತ್ತಾರೆ. ಆ ಒಂದು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ. ಮನೆಯಲ್ಲಿ ಮಕ್ಕಳು ಊಟಕ್ಕೆ ಕಾದಿರುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ನಷ್ಟವೊಂದಿದೆ. ಬೆಳಗಿನ ಧ್ಯಾನಕ್ಕೆಂದು ಬೈಬಲ್ ತೆರೆದರೆ ಕಣ್ಣಿಗೆ ಬಿದ್ದ ಕೀರ್ತನೆ ತನಗಾಗಿ ಒದಗಿ ಬರುವುದಿಲ್ಲ. ಗುರುವಾರ ಬರುವ ಆ ಹುಡುಗನಿಗೆ ಇದು ಹೊಂದುತ್ತದಲ್ಲ ಎಂಬ ಯೋಚನೆಯೇ ಮೊದಲು ಬರುತ್ತದೆ. ಧರ್ಮಗ್ರಂಥ ಔಷಧದ ಪೆಟ್ಟಿಗೆಯಾಗುತ್ತದೆ, ಪ್ರಾರ್ಥನೆ ಉಪಕರಣವಾಗುತ್ತದೆ. ಈ ಕ್ಷೇತ್ರದಲ್ಲಿ ಬಹುಕಾಲ ದುಡಿದ ಗೆಳತಿಯೊಬ್ಬರು ಒಮ್ಮೆ ಲೆಕ್ಕ ಹಾಕಿ ಹೇಳಿದರು: ದಿನಕ್ಕೆ ನಾಲ್ಕೈದು ಬಾರಿ ಕಣ್ಣುಮುಚ್ಚಿ ಪ್ರಾರ್ಥಿಸುತ್ತಾರೆ, ಅಷ್ಟೂ ಎದುರಿಗೆ ಕುಳಿತವರಿಗಾಗಿ, ತಮ್ಮದೇ ಪ್ರಾರ್ಥನೆ ಯಾವ ತಿಂಗಳು, ಯಾವ ವರ್ಷ ನಿಂತುಹೋಯಿತೆಂಬುದು ಅವರಿಗೆ ನೆನಪಿಲ್ಲ. ಇದನ್ನು ಹೇಳಿಕೊಳ್ಳುವುದಾದರೂ ಯಾರಲ್ಲಿ? ಸಭಾಪಾಲಕರು ಆ ಕೇಂದ್ರದ ಅಧ್ಯಕ್ಷರೂ ಹೌದು, ಗೌರವಧನಕ್ಕೆ ಸಹಿ ಹಾಕುವವರೂ ಹೌದು. ನಂಬಿಕೆಯೇ ಬತ್ತಿದೆಯೆಂದು ಸಭೆಯವರಿಗೆ ಗೊತ್ತಾದರೆ ನಾಳೆ ಅವರ ಕೊಠಡಿಯ ಬಾಗಿಲು ತಟ್ಟುವವರಿರುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ‘ದೇವರು ಯಾಕೆ ಹೀಗೆ ಮಾಡಿದ’ ಎಂದು ಕೇಳಿದಾಗ ಕೇಳಿಸಿಕೊಂಡವರಲ್ಲಿಯೂ ಅದೇ ಪ್ರಶ್ನೆ ಮೊಳೆಯಬಹುದೆಂಬ ಕಲ್ಪನೆ ನಮ್ಮ ಸಂಸ್ಥೆಗಳಿಗೆ ಇದ್ದಂತಿಲ್ಲ.

ಇಂದು ಸಾಫ್ಟ್‌ವೇರ್ ಕಂಪನಿಗಳಲ್ಲಿ ಧಾರಾಳವಾಗಿ ಬಳಕೆಯಾಗುವ ‘ಬರ್ನ್‌ಔಟ್’ ಎಂಬ ಪದದ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. ಅದು ಮನಶ್ಶಾಸ್ತ್ರದ ಚರ್ಚೆಗೆ ಬಂದದ್ದು ಲಾಭಕ್ಕಾಗಿ ದುಡಿಯುವವರ ನಡುವಿನಿಂದಲ್ಲ. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಹಗಲು ತಮ್ಮ ವೃತ್ತಿ ಮುಗಿಸಿ, ಸಂಜೆಯ ನಂತರ ಮಾದಕವ್ಯಸನಿಗಳು ಬರುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿನ ಸ್ವಯಂಸೇವಕರು, ತಾವೂ ಸೇರಿದಂತೆ, ಹೇಗೆ ಒಳಗಿನಿಂದ ಸುಟ್ಟು ಬರಿದಾಗುತ್ತಾರೆ ಎಂಬುದನ್ನು ಅವರು 1974ರಲ್ಲಿ ಬರೆದರು. ಅತಿಯಾದ ಸಮರ್ಪಣೆಯುಳ್ಳವರೇ ಮೊದಲು ಬೀಳುತ್ತಾರೆ ಎಂಬುದು ಅವರ ಬರಹದ ಕಹಿ ಸಾರ.

ಕ್ರೈಸ್ತ ಪರಂಪರೆಗೆ ಇದು ಹೊಸ ಸುದ್ದಿಯೇನಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಇದೇ ಬಗೆಯ ಬಳಲಿಕೆಗೆ ‘ಅಸೀಡಿಯಾ’ ಎಂಬ ಹೆಸರು ಕೊಟ್ಟು, ಅದನ್ನು ನಡುಹಗಲಿನ ಪಿಶಾಚಿಯ ಕಾಟವೆಂದು ವರ್ಣಿಸಿದ್ದಾನೆ. ಸೂರ್ಯ ಆಕಾಶದಲ್ಲಿ ಕದಲುವುದನ್ನೇ ಬಿಟ್ಟಂತೆ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಲ್ಲಿ ಇಣುಕುತ್ತಾನೆ. ಇರುವ ಜಾಗ ಬೇಡವಾಗುತ್ತದೆ, ಕೈಯ ಕೆಲಸ ಬೇಡವಾಗುತ್ತದೆ, ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲ ಎನಿಸುತ್ತದೆ. ಮಧ್ಯಾಹ್ನ ಮೂರರ ಸಮಯಕ್ಕೆ ಇನ್ನೂ ಇಬ್ಬರು ಹೊರಗೆ ಕಾದಿರುವಾಗ ಗೋಡೆ ಗಡಿಯಾರವನ್ನು ಕದ್ದು ನೋಡಿದ ಯಾವ ಸಮಾಲೋಚಕರಿಗೂ ಈ ವರ್ಣನೆಗೆ ಟಿಪ್ಪಣಿ ಬೇಕಾಗಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪ್ರವಾದಿ ಎಲೀಯನ ಪ್ರಸಂಗವಿದೆ. ನನ್ನ ತರಗತಿಗಳಲ್ಲಿ ಇದನ್ನು ತಪ್ಪದೆ ಓದಿಸುತ್ತೇನೆ. ಕರ್ಮೆಲ್ ಬೆಟ್ಟದ ಮೇಲೆ ನಾನೂರೈವತ್ತು ಮಂದಿ ಬಾಳನ ಪ್ರವಾದಿಗಳನ್ನು ಒಬ್ಬಂಟಿಯಾಗಿ ಎದುರಿಸಿ ಗೆದ್ದವನು, ರಾಣಿಯ ಒಂದು ಬೆದರಿಕೆಗೆ ಪ್ರಾಣಭಯದಿಂದ ಓಡುತ್ತಾನೆ. ಜೊತೆಗಿದ್ದ ಸೇವಕನನ್ನು ಬೇರ್ಷೆಬದಲ್ಲೇ ಬಿಟ್ಟು ಮರಳುಗಾಡು ಹೊಕ್ಕು, ಒಂದು ಗಿಡದ ಬುಡದಲ್ಲಿ ಕುಳಿತು ತನಗೆ ಸಾವು ಬರಲೆಂದು ಬೇಡುತ್ತಾನೆ. ದೇವರು ಅವನಿಗೆ ಏನು ಮಾಡಿದ? ಉಪದೇಶಿಸಲಿಲ್ಲ. ನಂಬಿಕೆ ಸಾಲದೆಂದು ಗದರಲಿಲ್ಲ. ಮಲಗಿದ್ದವನನ್ನು ದೂತನೊಬ್ಬ ತಟ್ಟಿ ಎಬ್ಬಿಸಿ ಉಣ್ಣು ಎಂದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಬಾರಿಯೂ ಎಬ್ಬಿಸಿ ಉಣಿಸಿದ್ದಾಯಿತು. ದಾರಿ ದೂರವಿದೆ, ನಿನ್ನ ಶಕ್ತಿಗೆ ಮೀರಿದ್ದು ಎಂಬ ಕಾರಣವನ್ನೂ ದೂತ ಹೇಳಿದ. ಹೋರೇಬ್ ಬೆಟ್ಟ, ಮೆಲುದನಿ, ಹೊಸ ಆದೇಶ ಎಲ್ಲವೂ ಬಂದದ್ದು ಆಮೇಲೆ. ಜೊತೆಗೊಬ್ಬ ಎಲೀಷ ಸಿಕ್ಕಿದ್ದೂ ಆಮೇಲೆ.

ದಣಿದ ಸಮಾಲೋಚಕರಿಗೆ ‘ಹೆಚ್ಚು ಪ್ರಾರ್ಥಿಸಿ’ ಎಂದಷ್ಟೇ ಹೇಳಿ ಕಳಿಸುವ ಹಿರಿಯರು ಈ ಕ್ರಮವನ್ನು ಗಮನಿಸುವುದು ಒಳಿತು. ಇಲ್ಲಿ ನಿದ್ದೆ ಮತ್ತು ರೊಟ್ಟಿ ಅಧ್ಯಾತ್ಮದ ಹೊರಗಿನ ಸಂಗತಿಗಳಲ್ಲ, ಅದರ ಮೊದಲ ಅಧ್ಯಾಯ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇನ್ನೊಂದು ಘಟನೆಯಿದೆ. ಕಪೆರ್ನೌಮಿನಲ್ಲಿ ಸಂಜೆಯಾದ ಮೇಲೆ ಇಡೀ ಊರೇ ಬಾಗಿಲಲ್ಲಿ ನೆರೆದು ಯೇಸು ಅನೇಕರನ್ನು ಗುಣಪಡಿಸುತ್ತಾನೆ. ಬೆಳಗಿನ ಜಾವ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗುತ್ತಾನೆ. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ ಎನ್ನುತ್ತಾರೆ. ಅವನು ಹಿಂತಿರುಗಲಿಲ್ಲ, ಬೇರೆ ಊರುಗಳಿಗೆ ಹೊರಟ. ಆ ಬಾಗಿಲಲ್ಲಿ ಆ ದಿನವೂ ರೋಗಿಗಳು ಕಾದಿದ್ದರು ಎಂಬುದನ್ನು ನಮ್ಮ ಪ್ರಸಂಗಿಗಳು ಏಕೋ ಪ್ರಸ್ತಾಪಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಸ್ವ-ಆರೈಕೆ’ ಎಂಬುದು ಇತ್ತೀಚೆಗೆ ಕಾರ್ಯಾಗಾರಗಳ ಸರಕಾಗಿದೆ. ಒಂದು ಶನಿವಾರ ಎಲ್ಲರನ್ನೂ ಕೂಡಿಸಿ, ಉಸಿರಾಟದ ಅಭ್ಯಾಸ ಮಾಡಿಸಿ, ದಿನಚರಿ ಬರೆಯಿರಿ, ಮುಂಜಾನೆ ಮೌನ ಆಚರಿಸಿರೆಂದು ಪಟ್ಟಿ ಕೊಟ್ಟು ಕಳಿಸುತ್ತಾರೆ. ಸೋಮವಾರ ಅದೇ ಹತ್ತು ಮಂದಿ ಬಾಗಿಲಲ್ಲಿರುತ್ತಾರೆ. ಜೊತೆಗೆ ಪಟ್ಟಿಯನ್ನು ಪಾಲಿಸಲಾಗಲಿಲ್ಲವೆಂಬ ಅಪರಾಧಿ ಭಾವ ಹನ್ನೊಂದನೆಯದಾಗಿ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆದಿಲ್ಲ. ಅದು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮ ಎನ್ನುತ್ತದೆ ಅದು. ಎಂದರೆ, ದಣಿದವರ ಆತ್ಮವನ್ನು ಮಾತ್ರ ತಪಾಸಣೆ ಮಾಡಿದರೆ ಸಾಲದು, ಅವರ ವೇಳಾಪಟ್ಟಿಯನ್ನೂ ನೋಡಬೇಕು. ‘ಸೇವೆ’ ಎಂಬ ಪವಿತ್ರ ಪದ ನಮ್ಮಲ್ಲಿ ಕಡಿಮೆ ಸಂಬಳಕ್ಕೆ ಹೊದಿಸಿದ ಶಾಲಾಗಿರುವುದು ಕ್ರೈಸ್ತ ಸಂಸ್ಥೆಗಳಲ್ಲಿ ಮಾತ್ರವಲ್ಲ. ಹಳ್ಳಿಹಳ್ಳಿಗೂ ಸುತ್ತುವ ಆಶಾ ಕಾರ್ಯಕರ್ತೆಯರು ಇಂದಿಗೂ ಕಾಗದದ ಮೇಲೆ ಸ್ವಯಂಸೇವಕಿಯರೇ. ಗೌರವಧನ ಹೆಚ್ಚಿಸಿರೆಂದು ಅವರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತದ್ದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ನೆರವಾಗುವುದು ಯಾವುದು? ನಾನು ಕಂಡಂತೆ, ಎಲ್ಲಕ್ಕಿಂತ ಮೊದಲು ಇನ್ನೊಬ್ಬ ಮನುಷ್ಯ. ಸಮಾಲೋಚನೆಯ ವೃತ್ತಿಯಲ್ಲಿ ‘ಸೂಪರ್‌ವಿಷನ್’ ಎಂಬ ಪದ್ಧತಿಯಿದೆ. ಅದನ್ನು ಮೇಲ್ವಿಚಾರಣೆ ಎಂದು ಅನುವಾದಿಸಿದರೆ ಹಾಜರಿ ಪುಸ್ತಕ ಹಿಡಿದ ಅಧಿಕಾರಿ ನೆನಪಾಗುತ್ತಾರೆ. ವಾಸ್ತವದಲ್ಲಿ ಅದು ಅನುಭವಿಯೊಬ್ಬರ ಎದುರು ಕುಳಿತು, ಈ ವ್ಯಕ್ತಿ ಬಂದಾಗ ನನಗೇಕೆ ಸಿಟ್ಟು ಬಂತು, ಆ ವ್ಯಕ್ತಿ ಹೋದ ಮೇಲೆ ನನಗೇಕೆ ನಿದ್ದೆ ಬರಲಿಲ್ಲ ಎಂದು ಬಿಚ್ಚಿಡುವ ಅವಕಾಶ. ಇದರ ಜೊತೆಗೆ ಕ್ರೈಸ್ತರಲ್ಲಿ ಆಧ್ಯಾತ್ಮಿಕ ಮಾರ್ಗದರ್ಶಕರೆಂಬ ಪುರಾತನ ಏರ್ಪಾಡೂ ಇದೆ. ಎರಡೂ ಬೇಕು, ಮತ್ತು ಇಬ್ಬರೂ ನಮ್ಮ ಸಂಬಳಕ್ಕೆ ಸಹಿ ಹಾಕುವವರಾಗಿರಬಾರದು. ಪ್ರಾಟೆಸ್ಟೆಂಟ್ ಸಭೆಯ ಸಮಾಲೋಚಕಿಯೊಬ್ಬರು ನಗರದ ಇನ್ನೊಂದು ಮೂಲೆಯ ಕ್ಯಾಥೊಲಿಕ್ ವೃದ್ಧ ಸಿಸ್ಟರ್ ಒಬ್ಬರ ಬಳಿಗೆ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಹೋಗುವುದನ್ನು ಬಲ್ಲೆ. ಅಲ್ಲಿ ಅವರು ಯಾರ ಸಮಾಲೋಚಕಿಯೂ ಅಲ್ಲ. ಹೆಚ್ಚಿನ ಸಲ ಅತ್ತು, ಕಾಫಿ ಕುಡಿದು ಬರುತ್ತಾರೆ.

ದಿನದ ಕೊನೆಗೆ ಮಾಡಬಹುದಾದ ಒಂದು ಅಭ್ಯಾಸವೂ ಇದೆ. ಹದಿನಾರನೆಯ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ರೂಪಿಸಿದ ಆತ್ಮಶೋಧನೆ ಅದು. ದೇವರ ಎದುರು ದಿನವನ್ನು ಮೆಲ್ಲಗೆ ಹಿಂದಿರುಗಿ ನೋಡುವುದು, ಕೃತಜ್ಞತೆಯಿಂದ ಆರಂಭಿಸುವುದು. ಸಮಾಲೋಚಕರಿಗೆ ನಾನು ಒಂದೇ ಮಾರ್ಪಾಡು ಸೂಚಿಸುತ್ತೇನೆ: ಇಂದು ಯಾರಿಗೆ ನೆರವಾದೆ ಎಂದು ಕೇಳಿಕೊಳ್ಳಬೇಡಿ, ಆ ಲೆಕ್ಕ ಹೇಗೂ ಕಡತದಲ್ಲಿರುತ್ತದೆ, ಇಂದು ಯಾರಿಂದ ಏನು ಪಡೆದೆ ಎಂದು ಕೇಳಿಕೊಳ್ಳಿ. ಆಟೋದವರ ಒಂದು ತಮಾಷೆಯ ಮಾತಾದರೂ ಸರಿ.

ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡ್ ಪರಮಗೀತೆಯನ್ನು ಕುರಿತ ಪ್ರವಚನವೊಂದರಲ್ಲಿ ಇದೇ ವಿಷಯವನ್ನು ನಮಗೆ ಚಿರಪರಿಚಿತವಾದ ಹೋಲಿಕೆಯಲ್ಲಿ ವಿವರಿಸುತ್ತಾನೆ. ಕಾಲುವೆ ಬಂದ ನೀರನ್ನು ಆ ಕ್ಷಣವೇ ಹರಿಯಬಿಡುತ್ತದೆ. ನೀರಿನ ತೊಟ್ಟಿ ಮೊದಲು ತಾನು ತುಂಬಿ, ಮಿಕ್ಕಿದ್ದನ್ನು ಹೊರಚೆಲ್ಲುತ್ತದೆ. ಚರ್ಚಿನಲ್ಲಿ ಕಾಲುವೆಗಳು ಬೇಕಾದಷ್ಟಿವೆ, ತೊಟ್ಟಿಗಳು ಅಪರೂಪ ಎಂಬುದು ಅವನ ಕೊರಗು. ತನ್ನ ಹಳೆಯ ಶಿಷ್ಯನೇ ಮೂರನೆಯ ಯೂಜೀನ್ ಎಂಬ ಹೆಸರಿನಲ್ಲಿ 1145ರಲ್ಲಿ ಪೋಪ್ ಆದಾಗಲೂ, ಎಲ್ಲರಿಗೂ ಸಲ್ಲುವ ನೀನು ನಿನಗೂ ಸ್ವಲ್ಪ ಸಲ್ಲಬೇಡವೇ ಎಂಬ ಅರ್ಥದ ಬುದ್ಧಿಮಾತನ್ನು ಬರ್ನಾರ್ಡ್ ಗ್ರಂಥವಾಗಿಯೇ ಬರೆದು ಕಳಿಸಿದ. ಕೋಡಿ ಬೀಳುವ ಕೆರೆಯನ್ನು ಕಂಡ ನಮ್ಮ ನಾಡಿನವರು ಒಂದು ಮಾತು ಸೇರಿಸಬಹುದು: ಮಳೆ ಬಂದರಷ್ಟೇ ಕೆರೆ ತುಂಬದು, ಆಗಾಗ ಹೂಳೆತ್ತಬೇಕು, ಹೂಳೆತ್ತುವುದು ಒಬ್ಬರ ಕೆಲಸವಲ್ಲ, ಊರಿನ ಕೆಲಸ.

ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಎಲ್ಲರೂ ಮರೆಯುವ ಪಾತ್ರವೊಂದಿದೆ, ಛತ್ರದವನು. ಸಮಾರ್ಯದವನು ಗಾಯಾಳುವಿನ ಬಳಿ ತಿಂಗಳುಗಟ್ಟಲೆ ಕೂರಲಿಲ್ಲ. ಒಂದು ರಾತ್ರಿ ಉಪಚರಿಸಿ, ಮಾರನೆಯ ದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ತನ್ನ ದಾರಿ ಹಿಡಿದ. ಅವನು ಹಾಗೆ ಹೊರಡಲು ಸಾಧ್ಯವಾದದ್ದು ಛತ್ರವೊಂದು ಇದ್ದುದರಿಂದ, ಖರ್ಚಿನ ಮಾತು ಮೊದಲೇ ಇತ್ಯರ್ಥವಾದದ್ದರಿಂದ. ನಮ್ಮ ಸಭೆಗಳ ವಾರ್ಷಿಕ ಮುಂಗಡಪತ್ರ ಸಿದ್ಧವಾಗುವಾಗ ಧ್ವನಿವರ್ಧಕಕ್ಕೆ, ಬಣ್ಣಕ್ಕೆ, ಕ್ರಿಸ್ಮಸ್ ದೀಪಾಲಂಕಾರಕ್ಕೆ ಬಾಬತ್ತುಗಳಿರುತ್ತವೆ. ಸಮಾಲೋಚಕಿಗೆ ವಾರಕ್ಕೊಂದು ಪೂರ್ಣ ರಜೆ, ತಿಂಗಳಿಗೊಮ್ಮೆ ಹೊರಗಿನ ಹಿರಿಯರೊಬ್ಬರ ಬಳಿ ಕೂರಲು ಶುಲ್ಕ ಮತ್ತು ಬಸ್ಸಿನ ಖರ್ಚು, ವರ್ಷಕ್ಕೊಮ್ಮೆ ಐದು ದಿನದ ಮೌನ ಧ್ಯಾನಕೂಟಕ್ಕೆ ಸಂಬಳಸಹಿತ ಬಿಡುವು, ಆ ಐದು ದಿನ ಕೊಠಡಿಯಲ್ಲಿ ಕೂರಲು ಬದಲಿ ವ್ಯಕ್ತಿ. ಈ ಬಾಬತ್ತನ್ನು ನಾನು ತರಬೇತಿ ನೀಡಿದವರು ತಮ್ಮ ಸಮಿತಿಗಳ ಮುಂದಿಡಲು ಆರಂಭಿಸಿದ್ದಾರೆ. ಎರಡು ಕಡೆ ಒಪ್ಪಿಗೆ ಸಿಕ್ಕಿದೆ. ಒಂದು ಕಡೆ, ಪ್ರಾರ್ಥಿಸಿ ತೀರ್ಮಾನಿಸೋಣ ಎಂದಿದ್ದಾರೆ.